ಪೆನ್ಸಿಲ್ ಮುಟ್ಟದ ಫೋಟೋ

ನನ್ನ ತಮ್ಮ ವಿಲ್ಲಿಯ ಕೈ ಸುಮ್ಮನಿರುವುದಿಲ್ಲ. ಹಂಪನಕಟ್ಟೆಯ ನಮ್ಮ ಸ್ಟುಡಿಯೋದಲ್ಲಿ ಗಿರಾಕಿಗಳಿಲ್ಲದ ಹೊತ್ತಿಗೆ ಕ್ಯಾಮೆರಾದಿಂದ ಲೆನ್ಸನ್ನು ಕಿತ್ತು, ಕೈಯಲ್ಲಿ ಹಿಡಿದು, ಅದರ ಬಾಯಿಯೆದುರೇ ಅತ್ತಿತ್ತ ಓರೆ ಮಾಡುತ್ತಿದ್ದ. ಸಂದಿಯಿಂದ ಬೆಳಕು ನುಗ್ಗದಂತೆ ಸುತ್ತಲೂ ಕರಿಬಟ್ಟೆ. ಹಾಗೆ ತೆಗೆದ ಚಿತ್ರದಲ್ಲಿ ಎಲ್ಲೋ ಒಂದು ಕಡೆ ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಕರಗಿದ ಬೆಣ್ಣೆ. ಕುರ್ಚಿ, ಹೂಜಿ, ಬೀದಿಯ ಎತ್ತಿನಗಾಡಿ, ಯಾವುದನ್ನೂ ಬಿಡಲಿಲ್ಲ. ಹಾಳಾದ ಗಾಜಿನ ಪ್ಲೇಟುಗಳನ್ನು ಉಜ್ಜಿ ತೊಳೆಯುವವಳು ನಾನು. ಮೈಯೆಲ್ಲ ಉರಿಯುತ್ತಿತ್ತು.

ನನ್ನ ನಿಜವಾದ ಕೆಲಸ ಪೆನ್ಸಿಲಿನದು. ತೊಳೆದೊಣಗಿಸಿದ ನೆಗೆಟಿವ್ ಪ್ಲೇಟನ್ನು ಕಿಟಕಿಗೆ ಒಡ್ಡಿ, ಮುಖದ ಸಿಡುಬಿನ ಗುಳಿ, ಸುಕ್ಕುಗಳ ಮೇಲೆ ಚೂಪು ಪೆನ್ಸಿಲಿನಿಂದ ಚುಕ್ಕಿಯಿಡುತ್ತ ಹೋಗುತ್ತೇನೆ. ಕಾಗದಕ್ಕೆ ಅಚ್ಚು ಹಾಕಿದಾಗ ಮುಖ ನುಣುಪು. ಮಂಗಳೂರಿನ ಅರ್ಧಕ್ಕರ್ಧ ಮದುಮಗಳಂದಿರನ್ನು ಹೀಗೆ ದಡ ಮುಟ್ಟಿಸಿದವಳು ನಾನು. ನನ್ನ ಎಡಗೆನ್ನೆಯ ಮೇಲೆ ಮಾತ್ರ, ಚಿಕ್ಕಂದಿನಲ್ಲಿ ಕುದಿಯುವ ಗಂಜಿ ಬಿದ್ದ ಕಲೆ ಹಾಗೆಯೇ ಉಳಿದಿದೆ.

ಬೊಂಬಾಯಿಯಲ್ಲಿ ರೈಲ್ವೆ ಕೆಲಸದಲ್ಲಿದ್ದ ಚಾರ್ಲ್ಸ್ ಎಂಬವನ ಸಂಬಂಧ ನನಗೆ ತಂದವಳು ನಮ್ಮ ಚಿಕ್ಕಮ್ಮ ಎಸ್ತೆರ್ ಮಾವ್ಶಿ. ಬಾಗಿಲಲ್ಲೇ ನಿಂತು, ನನ್ನತ್ತ ಬೆರಳು ತೋರಿಸಿ ಅಮ್ಮನಿಗೆ ಹೇಳಿದಳು:

"ಬೆನಿಟಾಳ ಫೋಟೋ ಬೇಕಂತೆ. ಆದ್ರೆ ಪೆನ್ಸಿಲ್ ಮುಟ್ಟಿದ್ದು ಬೇಡ ಹೇಳಿದ್ದಾರೆ. ನಿಮ್ಮ ಪೆನ್ಸಿಲಿನ ಸಂಗತಿ ಬೊಂಬಾಯಿವರೆಗೂ ಗೊತ್ತುಂಟು."

ಮಾಯ್‌ನ ಮುಖ ಇಳಿಯಿತು. ಮಾಯ್ ಎಂದರೆ ನಮ್ಮಮ್ಮ, ಈಗಾಗಲೇ ಎರಡು ಸಂಬಂಧ ನನ್ನ ಕೆನ್ನೆ ನೋಡಿ ಹಿಂದೆ ಹೋದದ್ದನ್ನು ಕಂಡವಳು. ಇದೂ ತಪ್ಪಿದರೆ ಮತ್ತೆ ಯಾರೂ ಬರುವುದಿಲ್ಲವೆಂದು ನನಗೂ ಗೊತ್ತಿತ್ತು.

"ಪೆನ್ಸಿಲ್ ಎಂತಕ್ಕೆ?" ಎಂದ ವಿಲ್ಲಿ. "ಲೆನ್ಸ್ ಕೈಯಲ್ಲಿ ಹಿಡೀತೇನೆ. ಕಣ್ಣು ಮಾತ್ರ ಬರ್ತದೆ, ಕೆನ್ನೆ ಕರಗ್ತದೆ. ನಾವು ಸುಳ್ಳು ಹೇಳಿದ ಹಾಗೂ ಆಗುದಿಲ್ಲ."

ಅವನು ಲೆನ್ಸ್ ಓರೆ ಮಾಡಿ ಹಿಡಿದ, ಮಾಯ್ ಲೆನ್ಸಿನ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು. ಅಚ್ಚು ನೋಡಿ ನಾನೇ ಬೆರಗಾದೆ. ಎರಡು ಕಣ್ಣುಗಳು, ಸುತ್ತಲೂ ಮಂಜು. ಮಾಯ್ ಶಿಲುಬೆಯ ಗುರುತು ಮಾಡಿಕೊಂಡಳು.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಫೋಟೋ ಕೈಯಲ್ಲಿ ಹಿಡಿದು ಮಣ್ಣಗುಡ್ಡದ ನಮ್ಮ ಮನೆಯಲ್ಲಿ ಜಗಲಿಗೂ ಅಡಿಗೆಮನೆಗೂ ಸುತ್ತಿದೆ. ಯಾರಿವಳು? ಇವಳನ್ನು ಒಪ್ಪಿದವನ ಮುಂದೆ ನಾನು ಹೋಗಿ ನಿಂತರೆ? ನಾನು ದಡ ಮುಟ್ಟಿಸಿದ ಹುಡುಗಿಯರು ಗಂಡನೆದುರು ಮೊದಲ ಸಲ ಮುಖವೆತ್ತಿದಾಗ ಏನಾಯಿತೋ.

ಬೆಳಿಗ್ಗೆ ಸ್ಟುಡಿಯೋದ ಕುರ್ಚಿಯಲ್ಲಿ ಮತ್ತೆ ಕುಳಿತೆ.

"ಇನ್ನೊಂದು ತೆಗಿ. ಈ ಸಲ ಕೆನ್ನೆ ಮಾತ್ರ ಬರ್ಬೇಕು."

"ಮರ್ಲಾ ನಿಂಗೆ, ಹುಚ್ಚಾ ಮಾರಾಯ್ತಿ?"

"ಕುರ್ಚಿ, ಹೂಜಿ ಎಲ್ಲ ತೆಗೆದೆಯಲ್ಲ. ಇದನ್ನೂ ತೆಗಿ."

ಅವನು ಲೆನ್ಸನ್ನು ಮತ್ತೆ ಕಣ್ಣಿನತ್ತಲೇ ಓರೆ ಮಾಡಿದ. ಕೆನ್ನೆಗೆ ಹಿಡಿ ಎಂದು ಗದರಿದೆ. ಕಲೆಯ ಒಂದೊಂದು ಮಡಿಕೆಯೂ ಕಾಣುವಂತೆ ಬಂತು. ಕಣ್ಣು, ಮೂಗು, ಬಾಯಿ ಎಲ್ಲ ಹೊಗೆ. ಮಾಯ್ ನೋಡುವ ಮೊದಲೇ ಅದನ್ನು ಲಕೋಟೆಗೆ ಹಾಕಿ ಎಸ್ತೆರ್ ಮಾವ್ಶಿಯ ಕೈಗಿತ್ತೆ.

ವಿಷಯ ಗೊತ್ತಾದಾಗ ಮಾಯ್ ಸಿಟ್ಟನ್ನೆಲ್ಲ ಪಾತ್ರೆಗಳ ಮೇಲೆ ತೀರಿಸಿದಳು. ನಾನು ಕುಳಿತಲ್ಲಿ ಕುಳಿತಿರಲಿಲ್ಲ, ನಿಂತಲ್ಲಿ ನಿಂತಿರಲಿಲ್ಲ. ಬೊಂಬಾಯಿಯ ಟಪಾಲು ತರುವ ಸ್ಟೀಮರ್ ಬಂತೆಂದರೆ ಬಾಗಿಲಿಗೆ ಓಡುತ್ತಿದ್ದೆ. ಮಾಡಿದ್ದು ಸರಿಯೆಂದು ಒಂದು ಗಳಿಗೆ, ಬದುಕನ್ನೇ ಹಾಳು ಮಾಡಿಕೊಂಡೆನೆಂದು ಇನ್ನೊಂದು ಗಳಿಗೆ.

ಕೊನೆಗೊಂದು ದಿನ ಎಸ್ತೆರ್ ಮಾವ್ಶಿ ಏದುಸಿರು ಬಿಡುತ್ತ ಬಂದಳು.

"ಎಂತ ಫೋಟೋ ಕೊಟ್ಟದ್ದು ನೀನು? ಚಾರ್ಲ್ಸ್ ಹೇಳಿ ಕಳಿಸಿದ್ದಾನೆ. ಕೆನ್ನೆ ನೋಡಿ ಆಯ್ತಂತೆ. ಉಳಿದ ಮುಖ ನೋಡ್ಲಿಕ್ಕೆ ಈಸ್ಟರಿಗೆ ಬರ್ತಾನಂತೆ!"

ಮಾಯ್ ಇದ್ದಲ್ಲೇ ಕುಸಿದು ಕುಳಿತು ಅತ್ತಳು. ವಿಲ್ಲಿ ಬಿದ್ದು ಬಿದ್ದು ನಕ್ಕ. ನಾನು ಒಳಗೋಡಿ ಕನ್ನಡಿಯ ಮುಂದೆ ನಿಂತೆ. ಇಷ್ಟು ವರ್ಷ ಕನ್ನಡಿಯಲ್ಲಿ ಕಲೆಯೊಂದನ್ನೇ ನೋಡುತ್ತಿದ್ದವಳು ಉಳಿದ ಮುಖವನ್ನು ನೋಡಿಕೊಂಡೇ ಇರಲಿಲ್ಲ.

ಅಯ್ಯೋ ದೇವರೇ, ನನ್ನ ಮೂಗು ಇಷ್ಟು ದಪ್ಪವೇ!