ಬಾಣದ ಎದುರು ದಿಕ್ಕಿಗೆ

ಮೋಟಾರ್ ವೈಂಡಿಂಗ್ ಅಂಗಡಿಯ ಅತ್ತಿಗೆ ಇಡೀ ಬೀದಿಗೇ ಅತ್ತಿಗೆ. ಸುಟ್ಟ ಮೋಟಾರನ್ನು ಮೂಸಿ ನೋಡಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲ ಹೆಂಗಸು. ಹದಿನಾರು ವರ್ಷದಿಂದ ತಾಮ್ರದ ತಂತಿ ಸುತ್ತಿದವಳು ಅವಳು. ರಿಪೇರಿ ಚೀಟಿಗೆ ಸಹಿ ಹಾಕುತ್ತಿದ್ದವನು ಮೈದುನ, ಏಕೆಂದರೆ ಲೈಸೆನ್ಸ್ ಇದ್ದದ್ದು ಅವನಿಗೆ. ದುಡಿಯೋಳು ಒಬ್ಬಳು, ಮೆರೆಯೋನು ಇನ್ನೊಬ್ಬ! ಮೈದುನ ಕೆಟ್ಟವನೇನಲ್ಲ. ಆದರೆ ಗಿರಾಕಿಗಳು ಅವನ ಕೈಗುಣ ಹೊಗಳಿದಾಗ ‘ಕೈ ನನ್ನದಲ್ಲ’ ಎಂದು ಒಂದು ದಿನವೂ ಬಾಯಿಬಿಟ್ಟವನಲ್ಲ.

ಲೈಸೆನ್ಸ್ ಪರೀಕ್ಷೆಯಲ್ಲಿ ಅತ್ತಿಗೆ ಎರಡು ಸಲ ಡುಮ್ಕಿ ಹೊಡೆದಿದ್ದಳು. ಕೈಕೆಲಸದಲ್ಲಿ ನೂರಕ್ಕೆ ನೂರು. ಮುಗ್ಗರಿಸಿದ್ದು ಮೌಖಿಕದ ಒಂದೇ ಒಂದು ಕಡ್ಡಾಯ ಪ್ರಶ್ನೆಯಲ್ಲಿ: ಸರ್ಕ್ಯೂಟಿನ ತಂತಿಯಲ್ಲಿ ಎಲೆಕ್ಟ್ರಾನುಗಳು ಎತ್ತ ಹರಿಯುತ್ತವೆ? ಮೈನಸ್‌ನಿಂದ ಪ್ಲಸ್‌ಗೆ ಎಂದಿದ್ದಳು, ಎರಡು ಸಲವೂ. ಪರೀಕ್ಷಕರ ಉತ್ತರದ ಹಾಳೆಯಲ್ಲಿ ಅಚ್ಚಾಗಿದ್ದದ್ದು ಉಲ್ಟಾ. ಮೂರನೆಯ ಸಲವೇ ಕೊನೆ, ಆಮೇಲೆ ಜನ್ಮದಲ್ಲಿ ಅವಕಾಶವಿಲ್ಲ.

“ಅವರಿಗೆ ಬೇಕಾದ್ದು ಹೇಳಿ ಕಾಗದ ತಗೊಂಡು ಬನ್ನಿ ಅತ್ತಿಗೆ,” ಎಂದ ಮೈದುನ. “ಎಲೆಕ್ಟ್ರಾನ್ ಎತ್ತ ಹೋದ್ರೆ ನಮಗೇನು?”

ಅದೂ ನಿಜವೇ ಅನ್ನಿಸಿತು ಅವಳಿಗೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಪ್ಲಸ್‌ನಿಂದ ಮೈನಸ್‌ಗೆ, ಪ್ಲಸ್‌ನಿಂದ ಮೈನಸ್‌ಗೆ ಎಂದು ಗಿಣಿಪಾಠ ಮಾಡುತ್ತಲೇ ಹೋದಳು.

ಪರೀಕ್ಷಕರು ಈ ಸಲ ಹೊಸಬರು. ಬೋರ್ಡಿನ ಮೇಲೆ ಬ್ಯಾಟರಿ, ಬಲ್ಬು, ಪ್ಲಸ್‌ನಿಂದ ಹೊರಟ ಒಂದು ಬಾಣ. ಅದೇ ಪ್ರಶ್ನೆ ಬಂತು. ಅತ್ತಿಗೆ ಗಿಣಿಪಾಠ ಒಪ್ಪಿಸಲು ಬಾಯಿ ತೆರೆದಳು.

“ಬಾಣದ ಎದುರು ದಿಕ್ಕಿಗೆ ಸರ್,” ಎಂದುಬಿಟ್ಟಿತು ನಾಲಿಗೆ.

ಹಾಳಾದ ನಾಲಿಗೆ! ಪರೀಕ್ಷಕರು ಹಾಳೆ ನೋಡಿ ಕೆಂಪು ಪೆನ್ನು ಎತ್ತಿಕೊಂಡರು. ಅತ್ತಿಗೆಗೆ ಆಡಿದ್ದನ್ನು ನುಂಗಲು ಇನ್ನೂ ಹೊತ್ತಿತ್ತು. ಆದರೆ ಹದಿನಾರು ವರ್ಷದ ಸಿಟ್ಟು ಅಲ್ಲೇ ಉಕ್ಕಿ ಬಂತು. ತಪ್ಪು ಎಂದು ಬರೆಯುವ ಮುಂಚೆ ಹತ್ತು ನಿಮಿಷ ಕೊಡಿ, ಕಪಾಟಿನಲ್ಲಿರುವ ಆ ಹಳೆಯ ರೇಡಿಯೋ ವಾಲ್ವ್ ಕೊಡಿ ಎಂದು ಕೇಳಿಯೇಬಿಟ್ಟಳು.

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಒಳಗೆ ಕಾಯುವ ಒಂದು ಕಡ್ಡಿ, ಅದನ್ನು ಮುಟ್ಟದೆ ಸುತ್ತ ನಿಂತ ತಗಡು. ಅತ್ತಿಗೆ ಒಂದು ಬ್ಯಾಟರಿಯಿಂದ ಕಡ್ಡಿಯನ್ನು ಕಾಯಿಸಿದಳು. ಇನ್ನೊಂದು ಬ್ಯಾಟರಿಯ ಮೈನಸ್ಸನ್ನು ಕಡ್ಡಿಗೆ, ಪ್ಲಸ್ಸನ್ನು ಮೀಟರಿನ ಮೂಲಕ ತಗಡಿಗೆ ಕೊಟ್ಟಳು. ಮೀಟರಿನ ಸೊನ್ನೆ ನಡುವೆ ಇತ್ತು. ಮುಳ್ಳು ಎತ್ತ ಬೇಕಾದರೂ ಹೊರಳಬಹುದು. ಹೊರಳಿತು. ತಂತಿ ಅದಲುಬದಲು ಮಾಡಿದಳು. ಮುಳ್ಳು ಸೊನ್ನೆ ಬಿಟ್ಟು ಮಿಸುಕಲಿಲ್ಲ.

“ಎಲೆಕ್ಟ್ರಾನ್ ಉಗುಳೋದು ಕಾದ ಕಡ್ಡಿ ಮಾತ್ರ, ತಣ್ಣಗಿರೋ ತಗಡಲ್ಲ,” ಎಂದಳು. “ಕಡ್ಡಿ ಮೈನಸ್ ಆದಾಗ್ಲೇ ದಾಟಿದ್ವು. ಅಂದ್ರೆ ಮೈನಸ್‌ನಿಂದ ಬಂದ್ವು, ಪ್ಲಸ್ ಕಡೆ ಹೋದ್ವು.”

ಪರೀಕ್ಷಕರು ಎದ್ದು ಬಂದರು. ತಾವೇ ತಂತಿ ಬದಲಿಸಿದರು, ಮತ್ತೆ ಬದಲಿಸಿದರು. ಮುಳ್ಳು ಹೊರಳುವಂತೆ ಜೋಡಿಸಿ, ಕಡ್ಡಿಯ ಕಾವು ಆರಿಸಿ ನೋಡಿದರು. ಮುಳ್ಳು ಮೆಲ್ಲನೆ ಸೊನ್ನೆಗೆ ಬಂತು. ಹಾಗಾದರೆ ಬೋರ್ಡಿನ ಬಾಣ ತಪ್ಪೇ ಎಂದು ಕೇಳಿದರು.

“ಬಾಣ ತಪ್ಪಲ್ಲ ಸರ್. ಅದು ಕರೆಂಟಿಂದು. ಎಲೆಕ್ಟ್ರಾನ್ ಗೊತ್ತಾಗೋಕೆ ಮುಂಚೆ ಹಿರಿಯರು ಹಾಕಿಟ್ಟ ವಾಡಿಕೆ, ಲೆಕ್ಕಕ್ಕೆ ಸರಿಯಾಗೇ ಬರುತ್ತೆ. ಆದ್ರೆ ನೀವು ಕೇಳಿದ್ದು ಎಲೆಕ್ಟ್ರಾನ್ ಬಗ್ಗೆ.”

“ಹಿಂದೆ ಎರಡು ಸಲ ಏನು ಹೇಳಿದ್ರಿ?”

“ಇದನ್ನೇ.”

ಪರೀಕ್ಷಕರು ಅದೇ ಕೆಂಪು ಪೆನ್ನಿನಿಂದ ಉತ್ತರದ ಹಾಳೆಯ ಸಾಲನ್ನು ಹೊಡೆದುಹಾಕಿದರು. “ಹಾಗಾದ್ರೆ ಫೇಲಾಗಿದ್ದು ನೀವಲ್ಲಮ್ಮ, ಈ ಹಾಳೆ,” ಎಂದರು. ಆಮೇಲೆ ವರಾಂಡಕ್ಕೆ ಹೋಗಿ, ಬೆಳಿಗ್ಗೆ ಇದೇ ಉತ್ತರಕ್ಕೆ ಸೋತು ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದ ಮೂವರನ್ನು ಒಳಕ್ಕೆ ಕರೆದರು. ಅತ್ತಿಗೆಗೆ ಖುಷಿ ತಡೆಯಲಾಗಲಿಲ್ಲ; ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

ಅತ್ತಿಗೆ ಲೈಸೆನ್ಸ್ ಹಿಡಿದು ಅಂಗಡಿಗೆ ಬಂದಾಗ ಹಿಟ್ಟಿನ ಗಿರಣಿಯವರು ತಮ್ಮ ಮೋಟಾರಿಗಾಗಿ ಕಾದಿದ್ದರು. ಮೈದುನ ಲೈಸೆನ್ಸನ್ನು ಎರಡು ಸಲ ಓದಿದ. ಕಿವಿ ಕೆಂಪಾಯಿತು. ಚೀಟಿ, ಪೆನ್ನು ಎರಡನ್ನೂ ಅವಳ ಮುಂದಿಟ್ಟ.

“ನೀವೇ ಹಾಕಿ ಅತ್ತಿಗೆ,” ಎಂದ. “ಮೋಟಾರ್ ಕಟ್ಟಿದೋರು ಇವರೇ,” ಎಂದು ಗಿರಣಿಯವರಿಗೂ ಹೇಳಿದ.

ಅತ್ತಿಗೆ ಸಹಿ ಹಾಕಿದಳು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಉಳಿಯದಷ್ಟು ದೊಡ್ಡದಾಗಿ.