ಲಚ್ಚಿಯ ಉತ್ತರಗಳು

ನೆರಿಗೆ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಕೀರ್ತಿ ಮೂರನೆಯ ಸಲ ಬಿಚ್ಚಿ ಮತ್ತೆ ಮಡಿಸಿದಳು. ಅಮೆರಿಕದ ಹಿಲ್ಸ್‌ಬರೋದ ಫ್ಯೂನರಲ್ ಹೋಮಿನ ಒಳಕೋಣೆಯಲ್ಲಿ ಅತ್ತೆ ಶಿವಲಿಂಗಮ್ಮ ಮಲಗಿದ್ದರು. ಹಣೆಗೆ ವಿಭೂತಿ ಹಚ್ಚಿಯಾಗಿತ್ತು, ಸೀರೆಯೊಂದು ಬಾಕಿ.

"ಪಿನ್ ಹಾಕಿಬಿಡು," ಎಂದರು ಆರಿಫಾ. ಮೈಸೂರಿನವರು, ಅತ್ತೆಯ ಗೆಳತಿ. ಬೆಳಿಗ್ಗೆಯೇ ಸಮರ್‌ಸೆಟ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದರು. "ಅಕ್ಕ ಪಿನ್ ಕಂಡ್ರೆ ಬಯ್ಯೋರು. ಇವತ್ತು ಬಯ್ಯಲ್ಲ."

"ಆಂಟಿ, ಅತ್ತೆ ನಿಮ್ಮ ಹತ್ರ ನಮ್ಮನೆ ವಿಷಯ ಏನಾದ್ರೂ ಹೇಳ್ತಿದ್ರಾ? ಬೇಜಾರು, ಹಾಗೆ?"

"ನಿನ್ನ ಸಾರು ತೆಳು ಅಂತಿದ್ರು. ಅದು ನಂಗೂ ಗೊತ್ತು."

ಕೀರ್ತಿಗೆ ನಗು ಬರಲಿಲ್ಲ. ಸೀರೆಗೆಂದು ಕಪಾಟು ತೆಗೆದಾಗ ಅತ್ತೆಯ ನೋಟ್‌ಬುಕ್ ಸಿಕ್ಕಿತ್ತು. ಹನುಮಿ, ಲಚ್ಚಿ ಎಂಬ ಇಬ್ಬರು ಗೆಳತಿಯರು ಒಬ್ಬರಿಗೊಬ್ಬರು ಬರೆದ ಹಳೆಯ ಇಂಗ್ಲಿಷ್ ಕಾಗದಗಳು, ಅತ್ತೆಯ ಕನ್ನಡದಲ್ಲಿ, ಅತ್ತೆಯ ದುಂಡು ಅಕ್ಷರದಲ್ಲಿ. ಲಚ್ಚಿಯ ಒಂದು ಕಾಗದ ಹೀಗಿತ್ತು: 'ಈ ಮನ್ಯಾಗ ಎಲ್ಲಾರೂ ನನ್ನ ಚಲೋ ನೋಡ್ಕೋತಾರ. ಆದರ ಹೆಸರು ಹಿಡಿದು ಕರಿಯೋರು ಒಬ್ಬರೂ ಇಲ್ಲ. ನನಗೊಂದು ಹೆಸರಿತ್ತು ಅನ್ನೂದು ನಿನಗರ ನೆನಪೈತೇನ?'

ಇದು ನೂರ ಅರವತ್ತು ವರ್ಷಗಳಾಚೆಯ ಅಮೆರಿಕದ ರೈತರ ಹುಡುಗಿಯ ಮಾತೋ, ಅತ್ತೆಯದೋ? ಮಣ್ಣು ಮಾಡುವ ಮೊದಲು ಅವಳಿಗೆ ಅಷ್ಟು ತಿಳಿಯಬೇಕಿತ್ತು. ಹನ್ನೊಂದು ವರ್ಷ ಇಬ್ಬರೂ ಒಂದೇ ಅಡಿಗೆಮನೆಯಲ್ಲಿ ನಿಂತವರು.

"ಅತ್ತೆ ಬರೀತಿದ್ದ ಹಳೇ ಕಾಗದಗಳ ವಿಷಯ ನಿಮಗೆ ಗೊತ್ತಾ?"

"ನಾನು ಬರೀ ಅಕ್ಕನ್ನ ಕರ್ಕೊಂಡು ಹೋಗೋ ಡ್ರೈವರ್ ಕಣಮ್ಮ. ಇತಿಹಾಸ ಸಂಘದ ಡೋರಿಸ್‌ನ ಕೇಳು, ಬರ್ತಾರೆ."

*

ಮೂರು ವರ್ಷದ ಹಿಂದೆ ಮಗಳು ಗಗನಾ ಶಾಲೆಯಿಂದ ಒಂದು ಜೆರಾಕ್ಸ್ ಹಾಳೆ ತಂದಿದ್ದಳು. ಹಿಲ್ಸ್‌ಬರೋದ ಹಳೆಯ ಫಾರ್ಮ್ ಮನೆಯೊಂದರ ಅಟ್ಟದಲ್ಲಿ ಸಿಕ್ಕಿದ ಕಾಗದದ ಪ್ರತಿ.

"ಇಟ್ಸ್ ಲೈಕ್ ನೂಡಲ್ಸ್, ಮಾಮ್. ನೋಬಡಿ ಕ್ಯಾನ್ ರೀಡ್ ಇಟ್."

ಶಿವಲಿಂಗಮ್ಮ ಕನ್ನಡಕ ಏರಿಸಿ ತಡವರಿಸದೆ ಓದಿಬಿಟ್ಟರು. ಬ್ಯಾಡಗಿಯ ಶಾಲೆಯಲ್ಲಿ ಮೂವತ್ತೆರಡು ವರ್ಷ ಮಕ್ಕಳ ಇಂಗ್ಲಿಷ್ ಕಾಪಿ ತಿದ್ದಿದ ಕಣ್ಣು. ಕೂಡಿಸಿ ಬರೆದ ಅಕ್ಷರ ಅದಕ್ಕೆ ಹೊಸದಲ್ಲ. ಆಮೇಲೆ ಪ್ರತಿ ಮಂಗಳವಾರ ಊರಿನ ಇತಿಹಾಸ ಸಂಘಕ್ಕೆ ಹೋಗಿ ಓದಿಕೊಟ್ಟರು. ಮನೆಗೆ ಬಂದು ಕನ್ನಡದಲ್ಲಿ ಬರೆದುಕೊಂಡರು. ಮದುವೆಯಾಗಿ ಓಹಾಯೊಗೆ ಹೋದ ಹನ್ನಾ ಹನುಮಿಯಾದಳು. ಇಲ್ಲೇ ಉಳಿದ ಲೆಟಿಷಿಯಾ, ಲಚ್ಚಿ.

"ಕೇಳಿಲ್ಲೆ," ಎಂದು ಒಂದು ಸಂಜೆ ಓದಿದ್ದರು. "'ಲಚ್ಚೀ, ನಿನ್ನ ಬಿಟ್ಟು ಮಲಗಿದರ ನಿದ್ದಿ ಬರೂದಿಲ್ಲ. ನಾ ಹೊಳ್ಳಿದಾಗೊಮ್ಮೆ ಹಾಸಿಗ್ಯಾಗ ತುಂಬಿದ ಜ್ವಾಳದ ಒಣ ರವದಿ ಸದ್ದು ಮಾಡತೈತಿ, ನೀನ ಬಂದಿ ಅಂತ ಎದ್ದು ನೋಡ್ತೀನಿ.'" ಸ್ವಲ್ಪ ಯೋಚಿಸಿದರು. "ಗ್ವಾವಿನಜ್ವಾಳ ಇರಬೇಕು. ಇಲ್ಲಿ ನಮ್ಮ ಜ್ವಾಳ ಎಲ್ಲೈತಿ."

"ಚೆನ್ನಾಗಿದೆ ಅತ್ತೆ," ಎಂದ ಕೀರ್ತಿ, ಲ್ಯಾಪ್‌ಟಾಪಿನ ಮ್ಯೂಟ್ ತೆಗೆದು, "ಯೆಸ್, ಐ ಆಮ್ ಹಿಯರ್," ಎಂದಿದ್ದಳು.

*

ಡೋರಿಸ್ ಎಂಬತ್ತರ ಹೆಂಗಸು, ಇತಿಹಾಸ ಸಂಘದವರು. ಕೀರ್ತಿ ಅವರನ್ನು ಕೋಟುಗಳು ನೇತುಹಾಕಿದ್ದ ಮೂಲೆಗೆ ಕರೆದು, ಜೊತೆಗೆ ತಂದಿದ್ದ ನೋಟ್‌ಬುಕ್ ತೆರೆದು ಇಂಗ್ಲಿಷಿನಲ್ಲಿ ಕೇಳಿದಳು. ಲೆಟಿಷಿಯಾಳ ಕಾಗದದಲ್ಲಿ, ತನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ ಎಂದು ಎಲ್ಲಾದರೂ ಬರುತ್ತದೆಯೇ?

"ಲೆಟಿಯ ಕಾಗದವೇ?" ಡೋರಿಸ್ ಹುಬ್ಬೇರಿಸಿದರು. "ಅವಳು ಬರೆದದ್ದು ಒಂದೂ ಉಳಿದಿಲ್ಲ. ಹನ್ನಾ ಬರೆದ ಹದಿನೇಳು ಮಾತ್ರ ಇರುವುದು. ನಿಮ್ಮ ಅತ್ತೆಗೆ ಅದೇ ಕೊರಗು. ಅಷ್ಟು ಪ್ರೀತಿಯಿಂದ ಬರೆದವಳಿಗೆ ಉತ್ತರ ಇಲ್ಲವಲ್ಲ ಅನ್ನುತ್ತಿದ್ದರು."

ಕೀರ್ತಿ ನೋಟ್‌ಬುಕ್ ಮುಚ್ಚಿದಳು. ಅದರಲ್ಲಿ ಲಚ್ಚಿಯ ಉತ್ತರಗಳೂ ಹದಿನೇಳಿದ್ದವು.

"ನಾನು ಮಿಸೆಸ್ ಪಿ ಅಂತಲೇ ಕರೆಯುತ್ತಿದ್ದೆ," ಎಂದರು ಡೋರಿಸ್. "ಒಮ್ಮೆ ಚೀಟಿಯಲ್ಲಿ ತಮ್ಮ ಹೆಸರು ಬಿಡಿಸಿ ಬರೆದುಕೊಟ್ಟಿದ್ದರು. ಉಚ್ಚಾರ ತಪ್ಪಾದೀತೆಂದು ನಾನು ಹಾಗೆ ಕರೆಯಲೇ ಇಲ್ಲ."

ಗಂಡ ರಾಜಶೇಖರ ಹತ್ತಿರ ಬಂದ. ಎರಡು ದಿನದ ನಿದ್ದೆ ಅವನ ಕಣ್ಣಲ್ಲಿ ಬಾಕಿಯಿತ್ತು. "ಏನಂತೆ?"

"ಅತ್ತೆ ಕೆಲಸ ಚೆನ್ನಾಗಿ ಮಾಡ್ತಿದ್ರಂತೆ."

"ಹೌದಾ," ಎಂದು ಪಾರ್ಕಿಂಗ್ ಕಡೆ ಹೋದ.

*

ಸ್ಮಶಾನದಲ್ಲಿ ಮಾರ್ಚಿನ ಗಾಳಿ. ಬ್ಯಾಡಗಿಯಲ್ಲಾದರೆ ಕೂರಿಸಿ ಮಣ್ಣು ಮಾಡುತ್ತಿದ್ದರು. ಇಲ್ಲಿಯವರು ಅದಕ್ಕೆ ಒಪ್ಪಲಿಲ್ಲ. ಕೈಯಲ್ಲಿ ಲಿಂಗವಿಟ್ಟು, ಪೆಟ್ಟಿಗೆಯಲ್ಲಿ ಮಲಗಿಸಿಯೇ ಇಳಿಸಿದರು. ಒಬ್ಬೊಬ್ಬರೇ ಬಂದು ಹಿಡಿಮಣ್ಣು ಹಾಕಿದರು.

"ಅವ್ವಾ," ಎಂದ ರಾಜಶೇಖರ.

"ಬೈ, ಅಜ್ಜಿ," ಎಂದಳು ಗಗನಾ.

"ಹೋಗಿ ಬನ್ನಿ ಅಕ್ಕ," ಎಂದರು ಆರಿಫಾ.

ಕೀರ್ತಿ ಬಗ್ಗಿ ಮಣ್ಣು ತೆಗೆದುಕೊಂಡಳು. ವೀಸಾ, ಇನ್ಶೂರೆನ್ಸ್, ಆಸ್ಪತ್ರೆ, ಎಷ್ಟೋ ಫಾರ್ಮುಗಳಲ್ಲಿ ಅತ್ತೆಯ ಹೆಸರನ್ನು ಅವಳೇ ಟೈಪ್ ಮಾಡಿದ್ದಳು. ಸೊಸೆಯಾದವಳು ಬಾಯಿಂದ ಆಡುವ ಹೆಸರಲ್ಲ ಅದು. ಹಿಂದೆ ನಿಂತವರು ಕಾಯುತ್ತಿದ್ದರು. ತಣ್ಣನೆಯ ಮಣ್ಣು ಬೆರಳ ಸಂದಿಯಿಂದ ಉದುರತೊಡಗಿತು.

"ಶಿವಲಿಂಗೀ," ಎಂದಳು.

ಬೆನ್ನು ತಿರುಗಿಸಿ ನಿಂತಿದ್ದ ರಾಜಶೇಖರ ತಟ್ಟನೆ ತಲೆಯೆತ್ತಿ ಗೇಟಿನ ಕಡೆ ನೋಡಿದ, ಅವ್ವನ ಓರಗೆಯವರು ಯಾರೋ ಊರಿಂದ ಬಂದು ಕರೆದ ಹಾಗೆ.