ಗುಡುಗಿಗೆ ತೆರೆದ ಬಾಗಿಲು

ನಮ್ಮಜ್ಜಿ ಸೆಲೀನಾಗೆ ಈ ಲೋಕದಲ್ಲಿ ಯಾರೆಂದರೆ ಯಾರ ಹೆದರಿಕೆಯೂ ಇರಲಿಲ್ಲ. ನೇಯ್ಗೆ ಗಿರಣಿಯ ಮೇಸ್ತ್ರಿಯನ್ನು ಮುಖದ ಮೇಲೇ ಬೈದು ಬಂದವಳು. ಪಾದ್ರಿ ಮನೆಗೆ ಬಂದು ಧರ್ಮ ಹೇಳಲು ಬಾಯಿ ತೆಗೆದರೆ, "ಕಾಲೊರೆಸ್ಕೊಂಡು ಬಂದ್ರಾ?" ಎಂದು ಕೇಳಿ ಆ ಬಾಯಿಯನ್ನು ಹಾಗೇ ಮುಚ್ಚಿಸಿದವಳು. ಯುದ್ಧದಲ್ಲಿ ಸೈರನ್ ಕೂಗಿದಾಗ ಕೂಡ ಕಪ್ಪಿನ ಚಹಾ ಮುಗಿಸದೆ ಎದ್ದವಳಲ್ಲವಂತೆ. ಅಂಥ ಹೆಂಗಸು ಗುಡುಗು ಅಂದರೆ ಮಾತ್ರ ಗಡಗಡ ನಡುಗುತ್ತಿದ್ದಳು.

ಪೆಂಡಲ್ ಗುಡ್ಡದ ಕಡೆ ಸ್ವಲ್ಪ ಮೋಡ ಕಪ್ಪಾದರೆ ಸಾಕು, ನಮ್ಮ ಮನೆಯಲ್ಲಿ ಓಡಾಟ ಶುರು. ಕನ್ನಡಿ ಸಿಡಿಲನ್ನು ಕರೆಯುತ್ತದಂತೆ, ಅದಕ್ಕೆ ಮೇಜಿನ ಬಟ್ಟೆ ಹೊದಿಸಬೇಕು. ಚಾಕು, ಚಮಚ, ಕತ್ತರಿ ಎಲ್ಲವನ್ನೂ ಟವೆಲ್ಲಿನಲ್ಲಿ ಸುತ್ತಿ ಡ್ರಾಯರಿಗೆ ತಳ್ಳಬೇಕು. ಆಮೇಲೆ ಮುಂಬಾಗಿಲು, ಹಿಂಬಾಗಿಲು ಎರಡನ್ನೂ ಹಾರುಹೊಡೆದು ತೆರೆದಿಡಬೇಕು. ಸಿಡಿಲು ಒಂದರಿಂದ ಒಳಗೆ ಬಂದರೆ ಇನ್ನೊಂದರಿಂದ ಹೊರಗೆ ಹೋಗಲಿ ಅಂತ! ಇಷ್ಟೆಲ್ಲ ಆದ ಮೇಲೆ ಅಜ್ಜಿ ನನ್ನನ್ನೂ ನನ್ನ ತಮ್ಮನನ್ನೂ ಎಳೆದುಕೊಂಡು ಮೆಟ್ಟಿಲ ಕೆಳಗಿನ ಗೂಡಿಗೆ ನುಗ್ಗಿ ಬಾಗಿಲೆಳೆದುಕೊಳ್ಳುತ್ತಿದ್ದಳು. ಈಗಿನವರು ನಗುತ್ತಾರೆ. ನಗಲಿ ಬಿಡಿ, ಇಂಗ್ಲೆಂಡಿನ ಬರ್ನ್ಲಿ ಊರಿನ ನಮ್ಮ ಬೀದಿಯಲ್ಲಿ ಅರ್ಧ ಮನೆಗಳು ಗುಡುಗಿಗೆ ಹೀಗೇ ಬಾಗಿಲು ತೆರೆದುಕೊಂಡು ಕೂತಿರುತ್ತಿದ್ದವು.

ಯುದ್ಧ ಮುಗಿದಿದ್ದರೂ ರೇಷನ್ ಪುಸ್ತಕಗಳು ಇನ್ನೂ ಮನೆಯಲ್ಲಿದ್ದ ಕಾಲ ಅದು. ಅಪ್ಪ ಕಲ್ಲಿದ್ದಲ ಗಣಿಯಲ್ಲಿ, ಅಮ್ಮ ಗಿರಣಿಯಲ್ಲಿ. ಶಾಲೆಗೆ ರಜೆ ಬಂದರೆ ನನ್ನನ್ನೂ ತಮ್ಮ ನೆವಿಲ್‌ನನ್ನೂ ನೋಡಿಕೊಳ್ಳುವುದು ಅಜ್ಜಿಯ ಪಾಲು. ನನಗೆ ಒಂಬತ್ತು. ನೆವಿಲ್‌ಗೆ ಮೂರು ತುಂಬಿರಲಿಲ್ಲ, ಒಂದು ಕಡೆ ನಿಲ್ಲುವ ಪ್ರಾಣಿಯೇ ಅಲ್ಲ. ಹಿತ್ತಿಲ ಓಣಿ ದಾಟಿದರೆ ಕಾಲುವೆ, ಕಾಲುವೆಯಲ್ಲಿ ಬಾತುಕೋಳಿ. ಬಾತು ಕಂಡರೆ ನೆವಿಲ್‌ಗೆ ಹುಚ್ಚು. ಹಿಂದಿನ ವರ್ಷ ಬಾತುಕೋಳಿಗೆ ಬ್ರೆಡ್ ಹಾಕಲು ಹೋಗಿದ್ದ ಮೂಲೆ ಮನೆಯ ಹುಡುಗನನ್ನು ಅದೇ ಕಾಲುವೆಯಿಂದ ಎತ್ತಿ ತಂದಿದ್ದರು. ಅವನ ತಾಯಿಯ ಕೂಗು ನಮ್ಮ ಅಡುಗೆಮನೆಯವರೆಗೂ ಕೇಳಿಸಿತ್ತು.

ಅವತ್ತು ಸೋಮವಾರ. ಸೋಮವಾರ ಅಂದರೆ ಬಟ್ಟೆ ಒಗೆಯುವ ದಿನ. ಮಂಗಳವಾರ ಒಗೆದವಳ ನಡತೆಯ ಮೇಲೇ ಅನುಮಾನ ಪಡುವ ಬೀದಿ ನಮ್ಮದು. ಓಣಿಯ ಆ ಗೋಡೆಯಿಂದ ಈ ಗೋಡೆಗೆ ಹಗ್ಗ ಕಟ್ಟಿ ಎಲ್ಲರ ಮನೆಯ ಚಾದರಗಳೂ ಹಾರಾಡುತ್ತಿದ್ದವು. ಮಧ್ಯಾಹ್ನಕ್ಕೆ ಭಾನುವಾರ ಉಳಿದ ತಣ್ಣನೆ ಮಾಂಸ, ಬೇಯಿಸಿದ ಆಲೂಗಡ್ಡೆ. ಮನೆ ತುಂಬ ಸೋಪಿನ ಹಬೆ. ಆ ವಾಸನೆ ಇವತ್ತು ಎಲ್ಲಾದರೂ ಬಂದರೆ ನನಗೆ ಮೊದಲು ಮನೆ ನೆನಪಾಗುತ್ತದೆ, ಹಿಂದೆಯೇ ಆ ಕಾಲುವೆ.

ಊಟ ಮುಗಿಯುವ ಹೊತ್ತಿಗೆ ಬೆಳಕೇ ಹೋಯಿತು. ಅಜ್ಜಿ ಕಿಟಕಿಯಾಚೆ ನೋಡಿದವಳೇ ತಟ್ಟೆ ಕೆಳಗಿಟ್ಟಳು.

"ಡೋರೀನ್, ಕನ್ನಡಿ! ಬೇಗ!"

"ಇನ್ನೂ ಗುಡುಗೇ ಇಲ್ವಲ್ಲ ಅಜ್ಜಿ."

"ಗುಡುಗಿದ ಮೇಲೆ ನಿನ್ನನ್ನ ಕೇಳ್ತೀನಿ. ಈಗ ಹೇಳಿದ್ದು ಮಾಡು, ಅಧಿಕಪ್ರಸಂಗಿ!"

ಓಣಿಯ ಬಟ್ಟೆಯನ್ನೆಲ್ಲ ಬಾಚಿ ತಂದು ಬುಟ್ಟಿಗೆ ತುರುಕಿ, ಬಾಗಿಲುಗಳನ್ನು ತೆರೆದಿಟ್ಟು ನಾವು ಗೂಡು ಸೇರಿದೆವು. ಒಳಗೆ ಪೊರಕೆ, ಹಳೆಯ ಕೋಟುಗಳು, ಗೂಡು ತುಂಬ ಕತ್ತಲೆ. ಮೊದಲ ಗುಡುಗು ಮನೆಯ ಮೇಲೇ ಬಿದ್ದಂತಾಯಿತು. ಅಜ್ಜಿ ನನ್ನ ಮಣಿಕಟ್ಟನ್ನು ಹಿಡಿದ ಹಿಡಿತಕ್ಕೆ ಕೈ ಜೋಮು ಹಿಡಿಯಿತು. ಅವಳ ಹಲ್ಲು ಕಟಕಟ ಅನ್ನುವುದು ಕೇಳಿಸುತ್ತಿತ್ತು. ದೊಡ್ಡವರು ಹೆದರುವುದನ್ನು ಕತ್ತಲೆಯಲ್ಲಿ ಕೂತು ಕೇಳಿಸಿಕೊಳ್ಳುವುದು ಇದೆಯಲ್ಲ, ಅದರ ಮುಂದೆ ಗುಡುಗು ಏನೂ ಅಲ್ಲ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಶುರು ಮಾಡುತ್ತಿದ್ದಳು, ಒಂದು ಗುಡುಗು ಬಿದ್ದರೆ ಮರೆತು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು.

ನೆವಿಲ್ ಅವಳ ಆಚೆ ಬದಿಗೆ, ಬಾಗಿಲ ಹತ್ತಿರ, ಕೋಟುಗಳ ಮೇಲೆ ಕೂತಿದ್ದ. ಅವನ ಸದ್ದೇ ಇಲ್ಲದ್ದು ನೋಡಿ, ನಿದ್ದೆ ಹೋಯಿತೇನೋ ಎಂದು ನಾನು ಅಜ್ಜಿಯ ಮೇಲಿಂದ ಕೈ ಚಾಚಿ ತಡವಿದೆ. ಕೈಗೆ ಬೂಟು ಸಿಕ್ಕಿತು. ಬೂಟಿನೊಳಗೆ ಕಾಲಿರಲಿಲ್ಲ.

"ಅಜ್ಜೀ, ನೆವಿಲ್ ಇಲ್ಲ."

"ಇಲ್ಲೇ ಇದಾನೆ. ಸುಮ್ನಿರು."

"ಇಲ್ಲ ಅಜ್ಜಿ! ಬರೀ ಬೂಟಿದೆ!"

ಅಜ್ಜಿ ಕೋಟುಗಳನ್ನೆಲ್ಲ ಕಿತ್ತು ಎಸೆದಳು. ಗೂಡಿನ ಬಾಗಿಲು ಆಗಲೇ ಒಂದು ಗೇಣು ತೆರೆದಿತ್ತು. ಹೊರಗೆ ಬಂದು ನೋಡಿದರೆ ಮನೆಯೊಳಗೆ ಗಾಳಿ ಆ ಬಾಗಿಲಿಂದ ಈ ಬಾಗಿಲಿಗೆ ನುಗ್ಗುತ್ತಿತ್ತು. ಒಂದು ಕಡೆ ಬೀದಿ, ಇನ್ನೊಂದು ಕಡೆ ಹಿತ್ತಿಲು, ಎರಡೂ ಕಡೆ ಧೋ ಎಂದು ಮಳೆ. ಮಹಡಿಯಲ್ಲಿಲ್ಲ, ಮಂಚದಡಿಯಲ್ಲಿಲ್ಲ. ಹಿತ್ತಿಲ ಗೇಟು ಹಾರುಹೊಡೆದಿರುವುದನ್ನು ನಾವಿಬ್ಬರೂ ಒಟ್ಟಿಗೇ ನೋಡಿದೆವು. ಬಟ್ಟೆ ತರುವ ಆತುರದಲ್ಲಿ ಅದರ ಚಿಲಕ ಹಾಕುವುದನ್ನು ಯಾರೂ ನೆನೆಸಿರಲಿಲ್ಲ.

"ನೀನು ಮುಂದೆ ನೋಡು," ಎಂದಳು ಅಜ್ಜಿ. ಅವಳ ತುಟಿ ಬಿಳಿಚಿಕೊಂಡಿತ್ತು. "ಬೀದೀಲಿ ನೋಡು. ಹಿಂದಕ್ಕೆ ಬರಬೇಡ, ತಿಳೀತಾ? ಹಿಂದೆ ನಾನು ನೋಡ್ಕೋತೀನಿ."

ಗುಡುಗಿದರೆ ಹೊಸ್ತಿಲು ದಾಟದ ಅಜ್ಜಿ ಆ ಮಳೆಯಲ್ಲಿ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿದಳು. ಕಾಲುವೆಯಲ್ಲಿ ಕಾಣುವುದು ನನ್ನ ಕಣ್ಣಿಗೆ ಬೀಳಬಾರದೆಂದು ಅವಳು ಹಾಗೆ ಹೇಳಿದ್ದು ನನಗೆ ಆಗಲೇ ಗೊತ್ತಾಗಿತ್ತು.

ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. "ನೆವಿಲ್! ನೆವಿಲ್!" ಎಂದು ಕೂಗುತ್ತ ಓಡಿದೆ, ನನ್ನ ಕೂಗು ನನಗೇ ಕೇಳಿಸಲಿಲ್ಲ. ತೆರೆದ ಬಾಗಿಲುಗಳೊಳಗೆಲ್ಲ ಇಣುಕಿದೆ. ಬೀದಿಯ ಕೊನೆ ಮುಟ್ಟಿ ವಾಪಸು ತಿರುಗಿದಾಗ ಎದುರುಸಾಲಿನಿಂದ ಯಾರೋ ಕೋಲಿನಿಂದ ಕಿಟಕಿ ಬಡಿದರು. ಮಿಸ್ಟರ್ ಕ್ಲೆಗ್. ಮೊದಲ ಮಹಾಯುದ್ಧದಲ್ಲಿ ಒಂದು ಕಾಲನ್ನು ಫ್ರಾನ್ಸಿನಲ್ಲೇ ಬಿಟ್ಟು ಬಂದಿದ್ದ ಮುದುಕ.

"ಏಯ್ ಡೋರೀನ್! ಈ ಮಾಲು ನಿಮ್ದೇನಾ ನೋಡು!"

ಒಳಗೆ ಹೋಗಿ ನೋಡಿದರೆ ಅವರ ಮೇಜಿನಡಿ ನೆವಿಲ್ ಕೂತಿದ್ದ! ಒದ್ದೆ ಬೆಕ್ಕಿನ ಹಾಗೆ ಮೈಯೆಲ್ಲ ತೊಟ್ಟಿಕ್ಕುತ್ತಿತ್ತು, ಕೈಯಲ್ಲಿ ಜಾಮ್ ಹಚ್ಚಿದ ಬ್ರೆಡ್ಡು.

"ಬೀದಿ ಅಳೀತಾ ಹೊರಟಿದ್ದ ಸಾಹೇಬ," ಎಂದರು ಕ್ಲೆಗ್. "ಸಿಡಿಲು ಹೋಗ್ಲಿ ಅಂತ ಬಾಗ್ಲು ತೆಗೆದಿಟ್ರೆ ಮೊದ್ಲು ಮೊಮ್ಮಗ ಹೋಗ್ತಾನೆ ಅಂತ ಹೇಳು ಆ ಸೆಲೀನಾಗೆ."

"ಅಜ್ಜಿ ಕಾಲುವೆ ಹತ್ರ ಹೋಗಿದಾಳೆ," ಎಂದೆ. ಅವರ ಮುಖದ ನಗು ಅಲ್ಲೇ ಸತ್ತಿತು.

"ಓಡು ಮಗಾ. ಇವನನ್ನೂ ಎತ್ಕೊಂಡು ಓಡು, ಕಣ್ಣಾರೆ ನೋಡದೆ ಅವಳು ನಂಬಲ್ಲ. ನಾನು ಹಿಂದೇನೇ ಬರ್ತೀನಿ."

ನೆವಿಲ್‌ನನ್ನು ಸೊಂಟಕ್ಕೆ ಏರಿಸಿಕೊಂಡು, ನಮ್ಮ ಮನೆಯ ಒಂದು ಬಾಗಿಲಿಂದ ನುಗ್ಗಿ ಇನ್ನೊಂದರಿಂದ ಹೊರಬಿದ್ದು, ಓಣಿ ದಾಟಿ ಕಾಲುವೆಯ ದಡಕ್ಕೆ ಬಂದೆ.

ಅಜ್ಜಿ ನೀರಿನೊಳಗಿದ್ದಳು. ಸೊಂಟದವರೆಗೆ ನೀರು. ಕೂದಲು ಬಿಚ್ಚಿಹೋಗಿತ್ತು. ಬೆನ್ನು ನಮ್ಮ ಕಡೆ. ಬಗ್ಗಿ, ಎರಡೂ ಕೈಗಳನ್ನು ಭುಜದವರೆಗೆ ಮುಳುಗಿಸಿ ತಳವನ್ನು ತಡವುತ್ತಿದ್ದಳು, ಒಂದು ಹೆಜ್ಜೆ ಮುಂದಿಡುತ್ತಿದ್ದಳು, ಮತ್ತೆ ತಡವುತ್ತಿದ್ದಳು. ಅವಳಿಗೆ ಈಜು ಬರುತ್ತಿರಲಿಲ್ಲ. ಕಾಲುವೆಯ ನಡುವೆ ದೋಣಿ ಸಾಗುವ ಜಾಗ ಆಳ. ಅವಳು ಹೋಗುತ್ತಿದ್ದುದು ಅಲ್ಲಿಗೇ.

"ಅಜ್ಜೀ! ಸಿಕ್ಕಿದಾನೆ! ಅಜ್ಜೀ!"

ಮಳೆಯ ಅಬ್ಬರದಲ್ಲಿ ನನ್ನ ಗಂಟಲು ಯಾವ ಲೆಕ್ಕ? ಮತ್ತೊಂದು ಹೆಜ್ಜೆ. ನೀರು ಎದೆಗೆ ಬಂತು. ಏನು ಮಾಡಲೂ ತೋಚದೆ ನೆವಿಲ್‌ನ ತೊಡೆಯನ್ನು ಚಿವುಟಿದೆ. ಆ ಮುಂಡೇದು ಬ್ರೆಡ್ ಅಗಿಯುತ್ತ ನನ್ನ ಮುಖ ನೋಡಿತು! ಕೈಯಿಂದ ಬ್ರೆಡ್ ಕಿತ್ತು ನೀರಿಗೆಸೆದು, ಉಗುರು ಇಳಿಯುವಂತೆ ಇನ್ನೊಮ್ಮೆ ಚಿವುಟಿದೆ. ಆಗ ಕಿರುಚಿದ ನೋಡಿ, ದೇವರೇ!

ಅಜ್ಜಿ ತಿರುಗಿದಳು. ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಅಷ್ಟರಲ್ಲಿ ಇಡೀ ಕಾಲುವೆ ಬೆಳ್ಳಗೆ ಹೊಳೆದು ಸಿಡಿಲು ಹೊಡೆಯಿತು. ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡು ಚೀರಿದಳು. ಮನೆಯಿಂದ ಓಡಿ ಬಂದಾಗಿನಿಂದ ಅವಳಿಗೆ ಒಂದು ಗುಡುಗೂ ಕೇಳಿಸಿರಲೇ ಇಲ್ಲ. ಮಗು ಸಿಕ್ಕಿತು ಎಂದ ಗಳಿಗೆಯಲ್ಲೇ ಹೆದರಿಕೆ ಅವಳನ್ನು ಮತ್ತೆ ಹಿಡಿದುಕೊಂಡಿತು. ಎದೆಮಟ್ಟದ ನೀರಿನಲ್ಲಿ, ಕಣ್ಣು ಬಿಗಿಯಾಗಿ ಮುಚ್ಚಿ, ಅಲುಗದೆ ನಿಂತುಬಿಟ್ಟಳು.

"ಬಾ ಅಜ್ಜಿ! ಬಾ!"

"ಆಗಲ್ಲ ಕಣೇ. ಕಾಲು ಬರ್ತಿಲ್ಲ."

"ಕಣ್ಣು ಬಿಡು! ಇಲ್ಲಿ ನೋಡು!"

"ಆಗಲ್ಲ ಡೋರೀನ್. ಅವನನ್ನ ಒಳಗೆ ಕರ್ಕೊಂಡು ಹೋಗು. ಹೋಗು ಚಿನ್ನಾ."

ಅವಳು ಯಾವತ್ತೂ ನನ್ನನ್ನು ಚಿನ್ನಾ ಎಂದವಳಲ್ಲ. ಅವಳು ಅಲ್ಲೇ ಮುಳುಗಿಹೋಗಲು ತಯಾರಾಗಿದ್ದಾಳೆ ಅನ್ನಿಸಿ ನನಗೆ ಭಯದ ಜೊತೆಗೆ ಕೆಟ್ಟ ಸಿಟ್ಟು ಬಂತು. ನೆವಿಲ್‌ನನ್ನು ಗೋಡೆಗೊರಗಿಸಿ ಕೂರಿಸಿ, ದಡದ ಕಲ್ಲಿನ ಮೇಲೆ ಕೂತು, ಎರಡೂ ಕಾಲನ್ನು ನೀರಿಗೆ ಇಳಿಬಿಟ್ಟೆ.

"ನೀನು ಬರದೇ ಇದ್ರೆ ನಾನೇ ಬರ್ತೀನಿ! ಇಳೀತಿದೀನಿ ನೋಡು! ಇಳಿದೆ!"

ಅಜ್ಜಿ ಕಣ್ಣು ಬಿಟ್ಟಳು.

"ತೆಗಿ ಕಾಲು! ಏ ಡೋರೀನ್, ತೆಗಿ! ಮುರಿದು ಕೈಗೆ ಕೊಡ್ತೀನಿ ನಿನ್ನ ಕಾಲನ್ನ!"

ಬೈಯುತ್ತ, ಎಡವುತ್ತ, ಒಮ್ಮೆ ತಲೆಯವರೆಗೂ ಮುಳುಗಿ ಎದ್ದು, ಕೆಮ್ಮುತ್ತ, ಮತ್ತೆ ಬೈಯುತ್ತ ಬಂದಳು. ದಡ ಹತ್ತಿ ನನ್ನ ಕೆನ್ನೆಗೊಂದು ಬಾರಿಸಿದಳು. ಆಮೇಲೆ ನಮ್ಮಿಬ್ಬರನ್ನೂ ಮಡಿಲಿಗೆ ಎಳೆದುಕೊಂಡು ಗೋಡೆಗೊರಗಿ ಕೂತು ಕಣ್ಣು ಮುಚ್ಚಿದಳು. ಕ್ಲೆಗ್ ಕುಂಟುತ್ತ ಬಂದು ಏಳು ಎಂದರು, ಏಳಲಿಲ್ಲ. ಮನೆ ಅಲ್ಲೇ ಕಾಣುತ್ತಿದೆ ಬಾ ಅಂದರು, ಜಪ್ಪಯ್ಯ ಅನ್ನಲಿಲ್ಲ. ಅವರು ತಮ್ಮ ಕೋಟು ಬಿಚ್ಚಿ ನಮ್ಮ ಮೇಲೆ ಹಾಕಿ, ಪಕ್ಕದಲ್ಲೇ ಕೋಲೂರಿ ನಿಂತರು.

ಗಿರಣಿ ಬಿಟ್ಟ ಮೇಲೆ ಅಮ್ಮ ಓಡೋಡಿ ಬಂದಳು, ತಲೆಗೂದಲಿನಲ್ಲಿ ಹತ್ತಿಯ ಎಳೆ ಹಾಗೇ ಇತ್ತು.

"ಅಮ್ಮಾ, ಇದೇನಿದು? ಇಲ್ಯಾಕೆ ಕೂತಿದೀರ?"

"ಗುಡುಗು ನಿಲ್ಲಲಿ," ಎಂದಳು ಅಜ್ಜಿ ಕಣ್ಣು ತೆರೆಯದೆ. "ನಿಂತ ಮೇಲೆ ಬರ್ತೀವಿ."

ನಿಂತು ಬಹಳ ಹೊತ್ತಾಗಿತ್ತು. ನೀರಿನ ಮೇಲೆ ಬಿಸಿಲು ಬಿದ್ದಿತ್ತು. ಅವಳ ಕೈಯನ್ನು ನಮ್ಮ ಮೈಯಿಂದ ಬಿಡಿಸಲು ಅಮ್ಮ ಒಂದೊಂದೇ ಬೆರಳು ಎತ್ತಬೇಕಾಯಿತು.